ಮಳೆ ರಜೆ, ಅಮ್ಮನ ಫೋನು

ಜೋರು ಮಳೆ. ಡಿಸಿ ರಜೆ ಕೊಟ್ಟಾಯ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಎಲ್ಲಿ ನೋಡಿದರೂ ಮಕ್ಕಳ ಕೈಯಲ್ಲಿ ಅಮ್ಮನ ಫೋನು. ಅಮ್ಮ ಚಾವಡಿಯಲ್ಲಿ ಬೀಡಿ ಕಟ್ಟುತ್ತಿದ್ದಾರೆ, ಮಗ ಗೇಮ್ ಆಡ್ತಿದ್ದಾನೆ. ಬರೀ ಗೇಮ್ ಅಲ್ಲ, ಅದರೊಳಗೆ ಚಾಟ್ ಕೂಡ ಉಂಟು. ಗುರುತಿಲ್ಲದವರು ಮೊದಲು ಗೇಮಿನ ಡೈಮಂಡ್ ಕೊಡ್ತಾರೆ, ಮತ್ತೆ ಫೋಟೋ ಕೇಳ್ತಾರೆ, ಮತ್ತೆ ಬೆದರಿಕೆ.

ಮಕ್ಕಳ ಫೋನ್ ಬಳಕೆ ಮೇಲೆ ಕಣ್ಣಿಡುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿ, ಒಳ್ಳೆಯದೇ. ಆದರೆ ಅದು ನಡೆಯುವುದು ಮಗುವಿನ ಅಕೌಂಟಿನಲ್ಲಿ. ಅಮ್ಮನ ಅಕೌಂಟಿನಲ್ಲೇ ಆಡಿದರೆ ಪ್ರಯೋಜನ ಇಲ್ಲ. ಯುಪಿಐ ಪಿನ್ ಅಂತೂ ಮಗುವಿಗೆ ಹೇಳಲೇಬೇಡಿ ಮಾರಾಯ್ರೆ!

ಬೆದರಿಕೆ ಬಂತು ಅಂತ ಮಗು ಹೇಳಿದರೆ ಬೈಬೇಡಿ. ಬೈದರೆ ಮುಂದಿನದ್ದನ್ನು ಮುಚ್ಚಿಡ್ತದೆ. ದುಡ್ಡು ಕಳಿಸಬೇಡಿ. ಚಾಟ್ ಅಳಿಸಬೇಡಿ, ಪೊಲೀಸರಿಗೆ ಅದೇ ಸಾಕ್ಷಿ. ಮಕ್ಕಳ ಸಹಾಯವಾಣಿ 1098. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930.