ಕೊಯ್ದ ಮೂಗು ಮರಳಿ ಬಂದ ಕಥೆ

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಗಾದೆ ಕೇಳುತ್ತದೆ. ಬಂದದ್ದುಂಟು, ಅದೂ ಕನ್ನಡ ನಾಡಿನ ಯುದ್ಧವೊಂದರ ನಂತರ.

1792ರಲ್ಲಿ ಟಿಪ್ಪು ಸುಲ್ತಾನನಿಗೂ ಇಂಗ್ಲಿಷರಿಗೂ ನಡೆದ ಯುದ್ಧದಲ್ಲಿ ಕಾವಸ್ಜಿ ಎಂಬ ಮರಾಠಿ ಎತ್ತಿನ ಗಾಡಿಯವನು ಇಂಗ್ಲಿಷ್ ಸೈನ್ಯದ ಜೊತೆಗಿದ್ದು ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಶ್ರೀರಂಗಪಟ್ಟಣದ ಬಳಿ ಬೊಂಬಾಯಿ ಸೈನ್ಯವನ್ನು ಸೇರಿಕೊಂಡ ಅವನು ಸುಮಾರು ಒಂದು ವರ್ಷ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಅವನಿಗೆ ಹೊಸ ಮೂಗು ಕೂರಿಸಿದ. ಆತ ಯಾವ ವೈದ್ಯಶಾಲೆಯಲ್ಲೂ ಓದಿದವನಲ್ಲ.

ಮಾಡಿದ ಬಗೆ ಹೀಗಿತ್ತು. ತೆಳುವಾದ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಮಡಿಸಿ, ಬಿಡಿಸಿ, ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಅಷ್ಟು ಚರ್ಮವನ್ನು ಹಣೆಯಿಂದ ಸುಲಿದ. ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಿಕೊಂಡ. ಚರ್ಮವನ್ನು ಕೆಳಕ್ಕೆ ತಿರುಗಿಸಿ ಮೂಗಿನ ಜಾಗದಲ್ಲಿ ಕೂರಿಸಿ, ನೀರಿನಲ್ಲಿ ನೆನೆಸಿದ ಕಾಚನ್ನು ಬಟ್ಟೆಗೆ ಬಳಿದು ಪಟ್ಟಿ ಹಾಕಿದ. ನಾಲ್ಕು ದಿನದ ನಂತರ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೇ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸಿದ.

ಆ ಪಟ್ಟಿಯಲ್ಲಿಯೇ ಇಡೀ ವಿದ್ಯೆ ಅಡಗಿದೆ. ಸುಲಿದ ಚರ್ಮ ಸಾಯಬಾರದೆಂದರೆ ಅದಕ್ಕೆ ರಕ್ತ ಸಿಗುತ್ತಿರಬೇಕು. ಹೊಸ ಜಾಗದಿಂದ ರಕ್ತನಾಳಗಳು ಬೆಳೆದು ಬರುವವರೆಗೆ, ಅಂದರೆ ಮೂರು ವಾರ, ಹಳೆಯ ದಾರಿಯನ್ನು ಮುಚ್ಚಬಾರದು. ಗಿಡಕ್ಕೆ ಕಸಿ ಕಟ್ಟುವವರಿಗೆ ಈ ಮಾತು ಬೇಗ ಅರ್ಥವಾದೀತು. ಕ್ಯಾನ್ಸರಿನಿಂದ ಮೂಗು ಕಳೆದುಕೊಂಡವರಿಗೆ ಇಂದಿಗೂ ಹಣೆಯ ಚರ್ಮವನ್ನು ಹೀಗೆಯೇ ಇಳಿಸುತ್ತಾರೆ.

ಈ ವಿವರ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದನ್ನೇ ಮಾಡಿ ಗೆದ್ದ. ಅರಿವಳಿಕೆ ಇನ್ನೂ ಬಂದಿರದ ಕಾಲ. ರೋಗಿಯ ಧೈರ್ಯವನ್ನೂ ಮೆಚ್ಚಬೇಕು. ಇನ್ನೂ ಹಿಂದಕ್ಕೆ ಹೋದರೆ ಸುಶ್ರುತ ಸಂಹಿತೆಯಲ್ಲಿ ಎಲೆಯಿಂದ ಅಳತೆ ತೆಗೆದು, ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನವಿದೆ.

ಅಂದು ಇಲ್ಲದ ಮೂಗನ್ನು ಕೊಡಲು ಹುಟ್ಟಿದ ವಿದ್ಯೆ ಇಂದು ಇರುವ ಮೂಗನ್ನು ತಿದ್ದುತ್ತಿದೆ. ಮೂಗು ದಪ್ಪ, ಮೂಗು ಡೊಂಕು ಎಂದು ಶಾಲೆಯಲ್ಲಿ ಆಡಿಕೊಳ್ಳುತ್ತಾರೆ, ವರನ ಕಡೆಯವರು ಪಿಸುಗುಟ್ಟುತ್ತಾರೆ. ಯಾದಗಿರಿ ಸಮೀಪದ ಮುದನಾಳದಂಥ ಊರಿನ ಹುಡುಗಿಯ ಕೈಯಲ್ಲೂ ಈಗ ಮೊಬೈಲ್ ಇದೆ, ಅದರಲ್ಲಿ ತನ್ನ ಮೂಗು ಅವಳಿಗೆ ದೊಡ್ಡದಾಗಿ ಕಾಣುತ್ತದೆ. ಇಲ್ಲಿ ತಪ್ಪು ಮೂಗಿನದಲ್ಲ. ಹತ್ತಿರದ ವಸ್ತು ದೊಡ್ಡದಾಗಿ ಕಾಣುವುದು ಬೆಳಕಿನ ಪಾಠ. ಒಂದು ಅಡಿ ದೂರದಿಂದ ತೆಗೆದ ಚಿತ್ರದಲ್ಲಿ ಮೂಗಿನ ಅಗಲ, ಐದು ಅಡಿ ದೂರದ ಚಿತ್ರಕ್ಕಿಂತ ಸುಮಾರು ಶೇ 30ರಷ್ಟು ಹೆಚ್ಚಾಗಿ ತೋರುತ್ತದೆಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕಹಾಕಿ ತೋರಿಸಿದರು. ವೈದ್ಯರ ಬಳಿ ಹೋಗುವ ಮೊದಲು ಬೇರೆಯವರಿಂದ ದೂರ ನಿಂತು ಒಂದು ಚಿತ್ರ ತೆಗೆಸಿ ನೋಡುವುದು ಒಳ್ಳೆಯದು. ಅದಕ್ಕೆ ಖರ್ಚಿಲ್ಲ.

ಮೂಗಿನ ಮೇಲ್ಭಾಗ ಮೂಳೆ, ಉಳಿದದ್ದು ಮೃದ್ವಸ್ಥಿ. ನಡುವಿನ ಗೋಡೆ ಸೊಟ್ಟಗಾಗಿ ಉಸಿರು ಕಟ್ಟುತ್ತಿದ್ದರೆ ಅದನ್ನು ನೇರ ಮಾಡಿಸುವುದು ಚಂದಕ್ಕಲ್ಲ, ಚಿಕಿತ್ಸೆ. ತಂದೆ-ತಾಯಿಗಳು ತಿಳಿದಿರಲೇಬೇಕಾದ ಇನ್ನೊಂದು ಸಂಗತಿ ಉಂಟು. ಆಟವಾಡುವಾಗ ಮಗುವಿನ ಮೂಗಿಗೆ ಪೆಟ್ಟು ಬಿದ್ದು ಎರಡೂ ಹೊಳ್ಳೆ ಕಟ್ಟಿಕೊಂಡರೆ, ಒಳಗೋಡೆಯಲ್ಲಿ ರಕ್ತ ತುಂಬಿರಬಹುದು. ಅದನ್ನು ಅಂದೇ ತೋರಿಸಿ ತೆಗೆಸಬೇಕು. ಮೂರು-ನಾಲ್ಕು ದಿನ ಬಿಟ್ಟರೆ ಮೃದ್ವಸ್ಥಿ ಸತ್ತು ಮೂಗು ಶಾಶ್ವತವಾಗಿ ಕುಸಿಯುತ್ತದೆ. ಅರಿಸಿನ ಹಚ್ಚಿ ಸುಮ್ಮನಾಗುವ ಗಾಯ ಅದಲ್ಲ.

ಚಂದಕ್ಕಾಗಿ ಮಾಡಿಸುವುದಾದರೆ ಮುಖದ ಬೆಳವಣಿಗೆ ಮುಗಿದಿರಬೇಕು: ಹುಡುಗಿಯರಿಗೆ 15-16, ಹುಡುಗರಿಗೆ 17-18 ವರ್ಷವಾದರೂ ತುಂಬಿರಬೇಕು. ಹತ್ತನೇ ತರಗತಿಯ ಬೇಸರಕ್ಕೆ ಕತ್ತಿ ಮದ್ದಲ್ಲ. ಎರಡು ವರ್ಷ ಕಾದರೆ ಆಸೆಯೇ ಹೋಗುವುದೂ ಉಂಟು. ಸಿಗರೇಟು, ತಂಬಾಕು ಇದ್ದರೆ ವಾರಗಳ ಮೊದಲೇ ಬಿಡಬೇಕು, ಏಕೆಂದರೆ ಅವು ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯದಂತೆ ಮಾಡುತ್ತವೆ. ರಕ್ತಸ್ರಾವ, ಸೋಂಕು, ಉಸಿರಾಟಕ್ಕೆ ತೊಂದರೆ ಆಗಬಹುದು. ನುರಿತವರ ಕೈಯಲ್ಲೂ ಕೆಲವರಿಗೆ ಮತ್ತೊಮ್ಮೆ ತಿದ್ದಬೇಕಾಗುತ್ತದೆ.

ಯಾರು ಮಾಡುತ್ತಾರೆ ಎಂಬುದು ಎಷ್ಟು ಹಣ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮಾಡಿದವರೋ, ಈ ಕೆಲಸದಲ್ಲಿ ತರಬೇತಿ ಪಡೆದ ಕಿವಿ-ಮೂಗು-ಗಂಟಲು ತಜ್ಞರೋ ಎಂದು ನೇರವಾಗಿ ಕೇಳಬೇಕು. ಅರಿವಳಿಕೆ ತಜ್ಞರು ಇರುತ್ತಾರೆಯೇ, ತುರ್ತು ನಿಗಾ ಘಟಕ ಇದೆಯೇ ಎಂದೂ ಕೇಳಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡರು. ಅವರು ಮನೆಯಲ್ಲಿ ಹೇಳದೆ ಹೋಗಿದ್ದರೆಂದು ಪತ್ರಿಕೆಗಳು ಬರೆದವು. ಮಕ್ಕಳು ಮುಚ್ಚಿಡುವಂತೆ ಮಾಡುವ ಬೈಗುಳ ಯಾವ ಮನೆಯಲ್ಲೂ ಬೇಡ.

ಮುದನಾಳದ ಕಡೆಯವರು ಇದಕ್ಕಾಗಿ ಕಲಬುರಗಿಗೋ ಹೈದರಾಬಾದಿಗೋ ಹೋಗುವುದಾದರೆ ಒಂದು ಸಲದ ಪ್ರಯಾಣ ಸಾಲದು. ಸುಮಾರು ಒಂದು ವಾರದ ಮೇಲೆ ಪಟ್ಟಿ ಬಿಚ್ಚಿಸಬೇಕು, ಆಮೇಲೂ ಹಲವು ಸಲ ತೋರಿಸಬೇಕು. ಕೆಲವು ವಾರ ಕನ್ನಡಕ ಮೂಗಿನ ಮೇಲೆ ಕೂರಬಾರದು, ಕಬಡ್ಡಿ ಬೇಡ, ಬಿಸಿಲು ಬೇಡ. ಬೇಸಿಗೆ ರಜೆಯೇ ಅನುಕೂಲವೆಂದು ಹೊರಡುವವರು ಯಾದಗಿರಿಯ ಏಪ್ರಿಲ್-ಮೇ ಬಿಸಿಲನ್ನು ನೆನೆಯಲಿ. ದಸರೆಯ ರಜೆ ವಾಸಿ. ಇನ್ನು ಮದುವೆ ಗೊತ್ತಾದ ಮೇಲೆ ಓಡುವವರ ಲೆಕ್ಕ ಪೂರ್ತಿ ತಪ್ಪು. ಊತ ಪೂರ್ಣ ಇಳಿಯಲು ಒಂದು ವರ್ಷ ಬೇಕು. ಈ ಯುಗಾದಿಗೆ ಮಾಡಿಸಿಕೊಂಡ ಮೂಗಿನ ನಿಜವಾದ ಆಕಾರ ಕಾಣುವುದು ಮುಂದಿನ ಯುಗಾದಿಗೆ.