ಅಸಲಿಗೆ ತುಂಬಿದ ಹೆಚ್ಚುವರಿ ಹಣವನ್ನು ಲೆಕ್ಕದಲ್ಲಿ ಎಲ್ಲಿ ಬರೆಯಬೇಕು?

ರಾಯಚೂರು ನಗರದಲ್ಲಿ ಸಾಲ ಮಾಡಿ ಮನೆ ಕಟ್ಟಿಕೊಂಡಿರುವ ನಮ್ಮ ಓದುಗ ಬಂಧುಗಳಲ್ಲಿ ಮಾನ್ವಿ, ದೇವದುರ್ಗಗಳ ಕಡೆ ಹೊಲಮನೆ ಉಳಿಸಿಕೊಂಡವರು ಕಡಿಮೆಯಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಭತ್ತವಾಗಲಿ, ದೇವದುರ್ಗದ ಹತ್ತಿಯಾಗಲಿ ಮಾರಾಟವಾದಾಗ ಕೈಗೆ ಒಮ್ಮೆಲೇ ಹಣ ಬರುತ್ತದೆ. ಅದರಲ್ಲಿ ಒಂದು ಭಾಗವನ್ನು ಮನೆಸಾಲದ ಅಸಲಿಗೆ ತುಂಬುವುದು ವಿವೇಕದ ಮಾತೇ ಸರಿ. ಆದರೆ ತುಂಬಿದ ಹಣವು ಲೆಕ್ಕದಲ್ಲಿ ಸೇರಬೇಕಾದ ಸ್ಥಳವನ್ನೇ ಸೇರಿತೇ ಎಂದು ಪರೀಕ್ಷಿಸುವವರು ವಿರಳ.

20 ಲಕ್ಷ ರೂಪಾಯಿ ಸಾಲ, ಶೇ. 8.5 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಳ್ಳೋಣ. ಮಾಸಿಕ ಕಂತು ಸುಮಾರು 17,356 ರೂಪಾಯಿ. ಮೊದಲ ಕಂತಿನಲ್ಲಿ 14,167 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಸೇರುವುದು 3,189 ಮಾತ್ರ. ವರ್ಷವಿಡೀ ತಪ್ಪದೆ ಎರಡು ಲಕ್ಷಕ್ಕೂ ಮಿಕ್ಕಿ ಕಟ್ಟಿದರೂ ಅಸಲು 40 ಸಾವಿರದಷ್ಟೂ ಕರಗುವುದಿಲ್ಲ. ಆ ವರ್ಷದ ಕೊನೆಗೆ 1 ಲಕ್ಷವನ್ನು ಅಸಲಿಗೆ ತುಂಬಿ, ಕಂತಿನ ಮೊತ್ತವನ್ನು ಹಾಗೆಯೇ ಇಟ್ಟರೆ, ದರ ಬದಲಾಗದಿದ್ದಲ್ಲಿ ಸುಮಾರು 26 ಕಂತುಗಳು ತಪ್ಪುತ್ತವೆ. ಮೂರೂವರೆ ಲಕ್ಷದಷ್ಟು ಬಡ್ಡಿ ಉಳಿಯುತ್ತದೆ.

ಗ್ನೂಕ್ಯಾಶ್, ಟ್ಯಾಲಿಯಂತಹ ತಂತ್ರಾಂಶಗಳು ಅಡತಿ ಅಂಗಡಿಯ ಕಿರ್ದಿ ಖಾತೆಗಳಂತೆಯೇ ಜಮಾ-ಖರ್ಚಿನ ಎರಡೂ ಬದಿಯನ್ನು ಕೇಳುತ್ತವೆ. ಮಾಸಿಕ ಕಂತನ್ನು ಬರೆಯುವಾಗ ಬಡ್ಡಿಯನ್ನು ಖರ್ಚಿಗೂ ಉಳಿದದ್ದನ್ನು ಸಾಲದ ಖಾತೆಗೂ ಒಡೆದು ಹಾಕಬೇಕು. ಹೆಚ್ಚುವರಿ ಹಣವನ್ನು ಒಡೆಯಲಾಗದು. ಉಳಿತಾಯ ಖಾತೆಯಿಂದ ಹೊರಟ 1 ಲಕ್ಷವೂ ನೇರವಾಗಿ ಸಾಲದ ಖಾತೆಯಲ್ಲಿಯೇ ಇಳಿಯಬೇಕು. ಇದನ್ನು ಮನೆಖರ್ಚೆಂದು ಬರೆದವರ ಪುಸ್ತಕದಲ್ಲಿ ಸಾಲವು ಇಳಿಯದೆ ಹಾಗೆಯೇ ನಿಂತಿರುತ್ತದೆ. ಇನ್ನೊಂದು ತೊಡಕೂ ಉಂಟು. ಪ್ರತಿ ತಿಂಗಳು ತಾನಾಗಿ ದಾಖಲಾಗುವಂತೆ ಮೊದಲೇ ತುಂಬಿಟ್ಟ ಕಂತಿನ ವಿಂಗಡಣೆಯು ಹಳೆಯ ಬಾಕಿಯ ಮೇಲಿನ ಬಡ್ಡಿಯನ್ನೇ ತೋರಿಸುತ್ತಿರುತ್ತದೆ. ಆದುದರಿಂದ ಮರುತಿಂಗಳಿನಿಂದಲೇ ಬ್ಯಾಂಕಿನ ಸಾಲದ ವಿವರಪಟ್ಟಿಯನ್ನು ಎದುರಿಗಿಟ್ಟುಕೊಂಡು ಆ ಅಂಕಿಗಳನ್ನು ತಿದ್ದಬೇಕು.

ಈ ತಾಳೆ ನೋಡುವಿಕೆಯಿಂದಲೇ ಬ್ಯಾಂಕಿನ ಕಡೆಯ ತಪ್ಪೂ ಬೆಳಕಿಗೆ ಬರುವುದು. ತುಂಬಿದ ಹಣವನ್ನು ಮುಂಗಡ ಕಂತುಗಳೆಂದು ಇಟ್ಟುಕೊಂಡರೆ ಬಡ್ಡಿಯ ಉಳಿತಾಯವು ಕೈತಪ್ಪಬಹುದು. ಅವಧಿಯ ಬದಲು ಕಂತನ್ನು ಇಳಿಸಿದರೆ ಲಾಭ ಕಡಿಮೆಯಾಗುತ್ತದೆ. ‘ಈ ಹಣವನ್ನು ಅಸಲಿಗೆ ಜಮೆ ಮಾಡಿ ಅವಧಿಯನ್ನು ಕಡಿಮೆ ಮಾಡಬೇಕು’ ಎಂದು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯುವುದು ಲೇಸು. ಬದಲಾಗುವ ದರದ ಮನೆಸಾಲಕ್ಕೆ ಅವಧಿಪೂರ್ವ ಪಾವತಿಯ ದಂಡ ವಿಧಿಸಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಬ್ಯಾಂಕುಗಳಿಗೆ ಆದೇಶಿಸಿರುವುದರಿಂದ ಅಳುಕಬೇಕಾಗಿಲ್ಲ. ಸ್ಥಿರ ದರದ ಸಾಲವಾದರೆ ಕರಾರುಪತ್ರವನ್ನು ಮೊದಲು ಓದಿಕೊಳ್ಳತಕ್ಕದ್ದು.

ಹಾಗೆಂದು ಸುಗ್ಗಿಯ ಹಣವನ್ನೆಲ್ಲ ಸಾಲಕ್ಕೆ ಸುರಿಯಿರೆಂದು ನಾವು ಹೇಳುವುದಿಲ್ಲ. ಮುಂದಿನ ಬಿತ್ತನೆಗೆ ಬೀಜ ಗೊಬ್ಬರವನ್ನು ಹೆಚ್ಚಿನ ಬಡ್ಡಿಯ ಕೈಸಾಲದಲ್ಲಿ ತರುವುದಾದರೆ ಇಲ್ಲಿ ಉಳಿಸಿದ್ದು ಅಲ್ಲಿ ಸೋರಿಹೋಗುತ್ತದೆ. ಅಷ್ಟನ್ನು ತೆಗೆದಿಟ್ಟು ಮಿಕ್ಕಿದ್ದನ್ನು ತುಂಬಬಹುದು.

ಸಾಲದ ಖಾತೆ ಸೊನ್ನೆಗೆ ಬಂದ ಮೇಲೆ ಮೂಲ ದಸ್ತಾವೇಜುಗಳನ್ನು 30 ದಿನಗಳೊಳಗೆ ಹಿಂದಿರುಗಿಸಬೇಕೆಂಬುದು ರಿಸರ್ವ್ ಬ್ಯಾಂಕಿನ 2023ರ ಆದೇಶ. ತನ್ನ ತಪ್ಪಿನಿಂದ ತಡವಾದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರನಿಗೆ ಪರಿಹಾರ ಕೊಡಬೇಕು.