ಬಡ್ತಿಯ ತಕ್ಕಡಿಯಲ್ಲಿ ಸಮಾಜಸೇವೆಯ ತೂಕವೆಷ್ಟು?

ಬೋಧನೆ, ಸಂಶೋಧನೆ ಮತ್ತು ವಿಸ್ತರಣೆ ವಿಶ್ವವಿದ್ಯಾಲಯದ ಮೂರು ಹೊಣೆಗಳೆಂಬ ಮಾತನ್ನು ಘಟಿಕೋತ್ಸವ ಭಾಷಣಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 1977ರಲ್ಲೇ ವಿಸ್ತರಣೆಗೆ, ಅಂದರೆ ಸಮುದಾಯದ ನಡುವಿನ ಕೆಲಸಕ್ಕೆ, ಉಳಿದೆರಡರಷ್ಟೇ ಮಹತ್ವ ನೀಡಿತ್ತು. ಆದರೆ ಒಂದು ಸಂಸ್ಥೆ ಯಾವುದಕ್ಕೆ ನಿಜವಾಗಿ ಬೆಲೆ ಕೊಡುತ್ತದೆ ಎಂಬುದು ತಿಳಿಯಬೇಕಾದರೆ ಅದರ ಬಡ್ತಿಯ ನಿಯಮಗಳನ್ನು ಓದಬೇಕು.

ಆಯೋಗದ 2018ರ ನಿಯಮಾವಳಿಯನ್ನೇ ನೋಡಿ. ವಿಜ್ಞಾನದ ಒಂದು ಸಂಶೋಧನಾ ಲೇಖನಕ್ಕೆ 8 ಅಂಕ, ಮಾನವಿಕ ವಿಷಯಗಳಲ್ಲಾದರೆ 10. ಸಮುದಾಯ ಸೇವೆಗಾದರೋ ಪ್ರತ್ಯೇಕ ಅಂಕವಿಲ್ಲ. ಆಡಳಿತ, ಪರೀಕ್ಷಾ ಕಾರ್ಯ, ಕ್ರೀಡೆ, ವಿದ್ಯಾರ್ಥಿ ಸಂಘಗಳ ಜೊತೆಯಲ್ಲಿ ಅದೂ ಪಟ್ಟಿಯ ಒಂದು ಬಾಬತ್ತು. ಪಟ್ಟಿಯ ಮೂರು ಬಗೆಯ ಚಟುವಟಿಕೆಗಳಲ್ಲಿ ಭಾಗವಹಿಸಿದರೆ ಅಧ್ಯಾಪಕರು ‘ಉತ್ತಮ’. ಹಳ್ಳಿಯೊಂದರಲ್ಲಿ ಐದು ವರ್ಷ ದುಡಿದವರಿಗೂ ಒಂದು ದಿನದ ಜಾಥಾ ನಡೆಸಿದವರಿಗೂ ಈ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಸೇವೆಯಲ್ಲಿದ್ದಾಗ ಇಂಥ ಪರಿಶೀಲನಾ ಸಮಿತಿಗಳಲ್ಲಿ ಸರ್ಕಾರದ ಪ್ರತಿನಿಧಿಯಾಗಿ ಕುಳಿತಿದ್ದೇನೆ. ಲೇಖನಗಳ ಬಗ್ಗೆ ತಜ್ಞರು ಅರ್ಧ ಗಂಟೆ ವಾದಿಸುತ್ತಿದ್ದರು. ವಿಸ್ತರಣಾ ಕಾರ್ಯದ ಪುಟ ಬಂದಾಗ ಪ್ರಮಾಣಪತ್ರ ಇದೆಯೇ ಎಂದಷ್ಟೇ ಕೇಳಿ ಹಾಳೆ ಮಗುಚುತ್ತಿದ್ದರು. ಅವರಲ್ಲಿ ಅನಾದರವಿತ್ತೆಂದು ಹೇಳಲಾರೆ. ಆ ಕೆಲಸವನ್ನು ಅಳೆಯುವ ಬೇರೆ ಮಾನದಂಡವನ್ನು ಯಾರೂ ಅವರ ಕೈಗೆ ಕೊಟ್ಟಿರಲಿಲ್ಲ.

ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು 1969ರ ಗಾಂಧಿ ಜನ್ಮಶತಾಬ್ದಿ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದವರು ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅರ್ಥಶಾಸ್ತ್ರಜ್ಞ ಡಾ. ವಿ.ಕೆ.ಆರ್.ವಿ. ರಾವ್. ಯೋಜನೆಯ ಅಧಿಕಾರಿಯಾದ ಅಧ್ಯಾಪಕರು ಪಾಠದ ಜೊತೆಗೆ ನೂರು ಸ್ವಯಂಸೇವಕರ ಹೊಣೆ ಹೊರಬೇಕು, ಏಳು ದಿನಗಳ ವಿಶೇಷ ಶಿಬಿರ ನಡೆಸಬೇಕು. ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’ ಎಂಬ ಮಾತಿದೆ. ಶಿಬಿರದಲ್ಲಿ ಕಳೆದ ವಾರದ ಬೆಲೆ, ಬರೆಯದೆ ಉಳಿದ ಲೇಖನ. ಜಾಣರಾದ ಯುವ ಅಧ್ಯಾಪಕರು ಯಾವುದನ್ನು ಆರಿಸಿಕೊಳ್ಳುತ್ತಾರೆಂದು ಊಹಿಸುವುದು ಕಷ್ಟವಲ್ಲ.

ಸೇವೆಗೂ ವಿದ್ವತ್ತಿಗೂ ವಿರೋಧವಿದೆಯೆಂದು ಭಾವಿಸಬೇಕಾಗಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ‘ಅಸ್ತ್ರ’ ಕೇಂದ್ರವನ್ನು ಹುಟ್ಟುಹಾಕಿದರು. ಅವರು ವಿದ್ಯುತ್ ರಸಾಯನಶಾಸ್ತ್ರದಲ್ಲಿ ಹೆಸರಾಂತ ಪಠ್ಯಗ್ರಂಥದ ಸಹಲೇಖಕರು. ಕೇಂದ್ರದ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಇಂಧನ ಬಳಕೆಯನ್ನು ಅಳೆದರು; ಕಡಿಮೆ ಸೌದೆ ಬೇಡುವ ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಪ್ರಶ್ನೆ ಕೇಳಿದ್ದು ಹಳ್ಳಿಯ ಅಡುಗೆಮನೆ, ಉತ್ತರಿಸಿದ್ದು ಪ್ರಯೋಗಾಲಯ. ಅಮೆರಿಕದ ಶಿಕ್ಷಣತಜ್ಞ ಅರ್ನೆಸ್ಟ್ ಬಾಯರ್ 1990ರಲ್ಲಿ ಜ್ಞಾನದ ಅನ್ವಯವೂ ವಿದ್ವತ್ತೇ ಎಂದು ವಾದಿಸುವ ಮೊದಲೇ ನಮ್ಮಲ್ಲಿ ಅದಕ್ಕೆ ನಿದರ್ಶನವಿತ್ತು.

ಹಾಗಾದರೆ ಸೇವೆಗೂ ಅಂಕ ನಿಗದಿಪಡಿಸಿದರೆ ಸಾಕೇ? ಅಂಕದ ಬೆನ್ನು ಹತ್ತಿದಾಗ ಏನಾಗುತ್ತದೆಂದು ಸಂಶೋಧನೆಯ ಕ್ಷೇತ್ರದಲ್ಲಿ ಕಂಡಿದ್ದೇವೆ. ತಾನೇ ಮಾನ್ಯ ಮಾಡಿದ್ದ ಪಟ್ಟಿಯಿಂದ 4,305 ನಿಯತಕಾಲಿಕೆಗಳನ್ನು ಆಯೋಗವು 2018ರಲ್ಲಿ ತೆಗೆದುಹಾಕಬೇಕಾಯಿತು. ನಾಳೆ ಶಿಬಿರದ ಛಾಯಾಚಿತ್ರಗಳೂ ಪಂಚಾಯಿತಿಯ ಪ್ರಮಾಣಪತ್ರಗಳೂ ಅದೇ ಹಾದಿ ಹಿಡಿದಾವು. 2025ರ ಜನವರಿಯಲ್ಲಿ ಪ್ರಕಟವಾದ ಆಯೋಗದ ಕರಡು ನಿಯಮಗಳು ಸಮುದಾಯ ಸೇವೆಯನ್ನು ಗಮನಾರ್ಹ ಕೊಡುಗೆಯ ಒಂಬತ್ತು ಕ್ಷೇತ್ರಗಳಲ್ಲಿ ಸೇರಿಸಿದ್ದು ಸ್ವಾಗತಾರ್ಹವೇ. ಆದರೆ ಒಂದು ಶೀರ್ಷಿಕೆ ಸೇರಿಸಿದ ಮಾತ್ರಕ್ಕೆ ಮೌಲ್ಯಮಾಪನವಾಗದು.

ಇದಕ್ಕೆ ಮೂರು ಕ್ರಮಗಳು ಬೇಕು. ಒಂದು, ಸೇವೆಯನ್ನು ಪರೀಕ್ಷಾ ಕಾರ್ಯದ ಪಟ್ಟಿಯಿಂದ ಬೇರ್ಪಡಿಸುವುದು. ಎರಡು, ಅದಕ್ಕೆ ಮೀಸಲಿಟ್ಟ ಸಮಯವನ್ನು ಬೋಧನೆಯ ಹೊರೆಯಿಂದ ಕಳೆಯುವುದು. ಮೂರು, ಹತ್ತು ಪ್ರಮಾಣಪತ್ರಗಳ ಬದಲು ಒಂದೇ ಕೆಲಸದ ಪೂರ್ಣ ವರದಿ ಕೇಳುವುದು: ಸಮಸ್ಯೆ ಏನಿತ್ತು, ಏನು ಮಾಡಲಾಯಿತು, ಏನು ಬದಲಾಯಿತು, ಎಲ್ಲಿ ಸೋಲಾಯಿತು. ಅದನ್ನು ಹೊರಗಿನ ವಿಷಯತಜ್ಞರೊಬ್ಬರೂ ಆ ಊರಿನವರೊಬ್ಬರೂ ಪರಿಶೀಲಿಸಲಿ.

ಸಾರ್ವಜನಿಕ ವಿಶ್ವವಿದ್ಯಾಲಯಗಳನ್ನು ಪೋಷಿಸುತ್ತಿರುವುದು, ಅವುಗಳ ನಿಯತಕಾಲಿಕೆಗಳನ್ನು ಎಂದೂ ಓದದ ಜನರ ತೆರಿಗೆಯ ಹಣ. ಅಧ್ಯಾಪಕರ ದುಡಿಮೆಯನ್ನು ಅಳೆಯುವಾಗ ಅವರ ಮಾತನ್ನೂ ಒಮ್ಮೆ ಕೇಳುವುದು ನ್ಯಾಯ.